ನಿರ್ಮಾಣ ತಂತ್ರಜ್ಞಾನದ ಸಮ್ಮೇಳನಗಳು: ತೋರಿಕೆ ಮತ್ತು ಬಳಕೆ

ಕಟ್ಟಡ, ರಸ್ತೆ, ಸೇತುವೆ, ಅಣೆಕಟ್ಟೆಗಳ ಕೆಲಸದಲ್ಲಿ ತೊಡಗಿದ ಉದ್ಯಮಗಳು ತಮ್ಮ ಯಂತ್ರಗಳನ್ನೂ ಸಾಮಗ್ರಿಗಳನ್ನೂ ಕೆಲವು ದಿನಗಳ ಮಟ್ಟಿಗೆ ಒಂದೇ ಆವರಣದಲ್ಲಿ ತಂದಿರಿಸಿ, ಗುತ್ತಿಗೆದಾರರನ್ನೂ ವಿನ್ಯಾಸಕರನ್ನೂ ಸರ್ಕಾರಿ ಇಲಾಖೆಗಳ ಎಂಜಿನಿಯರುಗಳನ್ನೂ ಅಲ್ಲಿಗೆ ಕರೆಸಿ, ಜೊತೆಗೆ ಉಪನ್ಯಾಸ ಮತ್ತು ಚರ್ಚೆಗಳನ್ನು ಏರ್ಪಡಿಸುವ ಕೂಟಕ್ಕೆ ನಿರ್ಮಾಣ ತಂತ್ರಜ್ಞಾನ ಸಮ್ಮೇಳನವೆಂಬ ಹೆಸರು ರೂಢಿಯಲ್ಲಿದೆ. ಹೆಸರಿನಲ್ಲಿ ಸಮ್ಮೇಳನವಿದ್ದರೂ ಅದರೊಳಗೆ ಒಂದಕ್ಕೊಂದು ಅಂಟಿಕೊಂಡ ಬೇರೆ ಬೇರೆ ವ್ಯವಹಾರಗಳು ನಡೆಯುತ್ತವೆ: ಮಳಿಗೆಗಳಲ್ಲಿ ಸರಕಿನ ಪ್ರದರ್ಶನ, ಸಭಾಂಗಣದಲ್ಲಿ ವಿಷಯ ಮಂಡನೆ, ಮಳಿಗೆಯ ಹಿಂಬದಿಯ ಪುಟ್ಟ ಕೋಣೆಗಳಲ್ಲಿ ಬೆಲೆಯ ಮಾತುಕತೆ. ಹೊರಗಿನವರ ಕಣ್ಣಿಗೆ ಬೀಳುವುದು ಮೊದಲನೆಯದು. ಪತ್ರಿಕೆಗಳಲ್ಲಿ ವರದಿಯಾಗುವುದು ಎರಡನೆಯದು. ಉದ್ಯಮ ಹಣ ಖರ್ಚು ಮಾಡಿ ಬರುವುದು ಮಾತ್ರ ಮೂರನೆಯದಕ್ಕೆ ಎಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ.

ಕರ್ನಾಟಕದ ಕೇಳುಗರಿಗೆ ಇದರ ಹತ್ತಿರದ ಉದಾಹರಣೆಯೆಂದರೆ ಭಾರತೀಯ ಕೈಗಾರಿಕಾ ಒಕ್ಕೂಟವು ಎರಡು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಡಿಸೆಂಬರ್ ತಿಂಗಳಲ್ಲಿ, ಬೆಂಗಳೂರಿನ ತುಮಕೂರು ರಸ್ತೆಯಲ್ಲಿರುವ ಮಾದಾವರದ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆಸುವ ಎಕ್ಸ್‌ಕಾನ್. ನಿರ್ಮಾಣ ಯಂತ್ರಗಳ ಈ ಜಾತ್ರೆ ದೆಹಲಿಯಲ್ಲಾಗಲಿ ಮುಂಬಯಿಯಲ್ಲಾಗಲಿ ನೆಲೆಯೂರದೆ ಬೆಂಗಳೂರಿನಲ್ಲಿ ನೆಲೆಯೂರಿದ್ದಕ್ಕೆ ಹಿನ್ನೆಲೆಯಿದೆ. 1964ರಲ್ಲಿ ಸ್ಥಾಪನೆಯಾಗಿ ಭಾರಿ ಮಣ್ಣುಯಂತ್ರಗಳನ್ನು ತಯಾರಿಸುತ್ತ ಬಂದ ಬಿಇಎಂಎಲ್ ಸಂಸ್ಥೆಯ ಕೇಂದ್ರ ಕಚೇರಿ ಇಲ್ಲಿದೆ. ವೋಲ್ವೊ ಕಂಪನಿಯ ರಸ್ತೆಯಂತ್ರಗಳು ಪೀಣ್ಯದಲ್ಲಿ, ಟಾಟಾ ಹಿಟಾಚಿಯ ಅಗೆಯುವ ಯಂತ್ರಗಳು ಧಾರವಾಡದಲ್ಲಿ, ಅಜಾಕ್ಸ್ ಕಂಪನಿಯ ಕಾಂಕ್ರೀಟ್ ಮಿಕ್ಸರುಗಳು ದೊಡ್ಡಬಳ್ಳಾಪುರದಲ್ಲಿ ತಯಾರಾಗುತ್ತವೆ. 2024ರ ನವೆಂಬರಿನಲ್ಲಿ ನಮ್ಮ ಮೆಟ್ರೊ ಹಸಿರು ಮಾರ್ಗವು ನಾಗಸಂದ್ರದಿಂದ ಮಾದಾವರದವರೆಗೆ ಮುಂದುವರಿದ ಮೇಲೆ, ಅಲ್ಲಿಗೆ ಹೋಗಬೇಕಾದವರು ಎಂಟನೇ ಮೈಲಿಯ ವಾಹನದಟ್ಟಣೆಯಲ್ಲಿ ಅರ್ಧ ದಿನ ಕಳೆಯುವ ಸಂಕಟವೂ ತಪ್ಪಿದೆ. ಪ್ರಪಂಚದ ಲೆಕ್ಕದಲ್ಲಿ ಅತಿ ದೊಡ್ಡದೆನಿಸಿಕೊಂಡ ಇಂಥ ಮೇಳ ಜರ್ಮನಿಯ ಮ್ಯೂನಿಕ್ ನಗರದ ಬೌಮಾ. 1954ರಲ್ಲಿ ಆರಂಭವಾಗಿ ಈಗ ಮೂರು ವರ್ಷಕ್ಕೊಮ್ಮೆ ನಡೆಯುವ ಅದಕ್ಕೆ 2025ರ ಏಪ್ರಿಲ್‌ನಲ್ಲಿ ಸುಮಾರು 6 ಲಕ್ಷ ಜನ ಭೇಟಿಯಿತ್ತರು, 57 ದೇಶಗಳ ಸುಮಾರು 3,600 ಸಂಸ್ಥೆಗಳು ಮಳಿಗೆ ಹಾಕಿದ್ದವು.

ಕಾರು ತಯಾರಿಸುವ ಅಥವಾ ಬಟ್ಟೆ ನೇಯುವ ಉದ್ಯಮಕ್ಕಿಂತ ನಿರ್ಮಾಣ ಉದ್ಯಮಕ್ಕೆ ಇಂಥ ಕೂಟಗಳ ಅಗತ್ಯ ಹೆಚ್ಚೆಂದು ಹೇಳಬಹುದು. ಕಾರ್ಖಾನೆಯಲ್ಲಿ ಒಂದೇ ಸರಕನ್ನು ಒಂದೇ ಸೂರಿನಡಿ ಅದೇ ಕೆಲಸಗಾರರು ಸಾವಿರಾರು ಬಾರಿ ತಯಾರಿಸುವುದರಿಂದ ಮೊದಲನೆಯದರಲ್ಲಿ ಆದ ತಪ್ಪು ನೂರನೆಯದಕ್ಕೆ ಬರುವಷ್ಟರಲ್ಲಿ ತಿದ್ದಿಹೋಗುತ್ತದೆ. ಕಟ್ಟಡವಾದರೋ ಪ್ರತಿಸಲವೂ ಬೇರೆ ಮಣ್ಣಿನ ಮೇಲೆ, ಬೇರೆ ಮಾಲೀಕನಿಗಾಗಿ, ಆ ಕೆಲಸಕ್ಕಷ್ಟೇ ಕೂಡಿಬಂದ ಗಾರೆಯವರು, ಕಂಬಿ ಕಟ್ಟುವವರು, ಸೆಂಟ್ರಿಂಗ್‌ನವರು, ಬಡಗಿಗಳು ಸೇರಿ ಮುಗಿಸಿ, ಮುಗಿದೊಡನೆ ಚದುರಿಹೋಗುವ ಕೆಲಸ. ಆದ್ದರಿಂದ ಅಲ್ಲಿ ಕಲಿತದ್ದು ಮೇಸ್ತ್ರಿಯ ಕೈಯಲ್ಲಿ ಉಳಿಯುತ್ತದೆಯೇ ಹೊರತು ಕಾಗದದ ಮೇಲೆ ಉಳಿಯುವುದು ಕಡಮೆ, ಮತ್ತು ಒಂದು ಊರಿನಲ್ಲಿ ಸಾಬೀತಾದ ಕ್ರಮ ಇನ್ನೊಂದು ಊರಿಗೆ ತಲಪಲು ದಶಕಗಳೇ ಹಿಡಿಯುತ್ತವೆ. ಈ ಅಂತರವನ್ನು ಕಡಮೆ ಮಾಡುವುದೇ ಸಮ್ಮೇಳನಗಳ ಘೋಷಿತ ಉದ್ದೇಶ. ಅದು ಎಷ್ಟರಮಟ್ಟಿಗೆ ಈಡೇರುತ್ತದೆ ಎಂಬುದೇ ಇಲ್ಲಿನ ವಿಚಾರ.

ನಿರ್ಮಾಣ ವಿಧಾನವೊಂದು ವಸ್ತುಪ್ರದರ್ಶನದ ಮೂಲಕ ಲೋಕಪ್ರಸಿದ್ಧವಾದ ಮೊದಲ ಪ್ರಸಂಗದಲ್ಲಿ ಪ್ರದರ್ಶನದ ಕಟ್ಟಡವೇ ಪ್ರದರ್ಶನದ ಅತಿಮುಖ್ಯ ವಸ್ತುವಾಗಿತ್ತು. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ ಮಹಾಪ್ರದರ್ಶನಕ್ಕೆ ಗಾಜು ಮತ್ತು ಎರಕದ ಕಬ್ಬಿಣದ ಕ್ರಿಸ್ಟಲ್ ಪ್ಯಾಲೆಸನ್ನು ರೂಪಿಸಿದ ಜೋಸೆಫ್ ಪ್ಯಾಕ್ಸ್‌ಟನ್ ಕಟ್ಟಡಶಿಲ್ಪದ ಶಿಕ್ಷಣ ಪಡೆದವನಲ್ಲ, ಶ್ರೀಮಂತರೊಬ್ಬರ ತೋಟದ ಮೇಲ್ವಿಚಾರಕನಾಗಿ ಸಸ್ಯಗಳಿಗೆ ಗಾಜಿನ ಮನೆ ಕಟ್ಟಿ ಪಳಗಿದವನು. ಆಗ ಸಿಗುತ್ತಿದ್ದ ಗಾಜಿನ ಹಾಳೆಯ ಅಳತೆಯನ್ನೇ ಮೂಲಮಾನವಾಗಿಟ್ಟುಕೊಂಡು, ಕಂಬ ಕಂಬಗಳ ನಡುವಿನ ಅಂತರವನ್ನು ಅದರಿಂದಲೇ ಲೆಕ್ಕಹಾಕಿ, ಎಲ್ಲ ಬಿಡಿಭಾಗಗಳನ್ನೂ ಬೇರೆಡೆ ತಯಾರಿಸಿ ತಂದು ಸ್ಥಳದಲ್ಲಿ ಜೋಡಿಸಿದ್ದರಿಂದ ಅಷ್ಟು ದೊಡ್ಡ ಕಟ್ಟಡ ಒಂದು ವರ್ಷದೊಳಗೆ ನಿಂತಿತು. ಒಳಟೊಳ್ಳಾದ ಕಂಬಗಳೇ ಚಾವಣಿಯ ಮಳೆನೀರನ್ನು ಕೆಳಗಿಳಿಸುವ ಕೊಳವೆಗಳಾದವು. ಪ್ರದರ್ಶನ ಮುಗಿದ ಮೇಲೆ ಅದನ್ನು ಬಿಚ್ಚಿ ಸಿಡನ್‌ಹ್ಯಾಮಿನಲ್ಲಿ ಮತ್ತೆ ನಿಲ್ಲಿಸಲಾಯಿತು, 1936ರಲ್ಲಿ ಬೆಂಕಿಗೆ ಆಹುತಿಯಾಗುವವರೆಗೂ ಅದು ಅಲ್ಲಿತ್ತು. ಬೆಂಗಳೂರಿನ ಲಾಲ್‌ಬಾಗಿನಲ್ಲಿ 1889ರಲ್ಲಿ ಶಂಕುಸ್ಥಾಪನೆಯಾದ ಗಾಜಿನ ಮನೆಗೆ ಮಾದರಿ ಈ ಕಟ್ಟಡವೇ. ಅದರ ಕಬ್ಬಿಣದ ಭಾಗಗಳು ಸ್ಕಾಟ್ಲೆಂಡಿನ ಗ್ಲಾಸ್ಗೊದ ಎರಕದ ಕಾರ್ಖಾನೆಯಿಂದ ಹಡಗೇರಿ ಬಂದವು. ವರ್ಷಕ್ಕೆರಡು ಬಾರಿ ಫಲಪುಷ್ಪ ಪ್ರದರ್ಶನಕ್ಕೆ ಅಲ್ಲಿ ಸಾಲುಗಟ್ಟಿ ನಿಲ್ಲುವ ಜನರು, ಬೇರೆಡೆ ತಯಾರಿಸಿ ತಂದು ಜೋಡಿಸುವ ಕಟ್ಟಡವೆಂಬ ಈಗಿನ ‘ಹೊಸ’ ತಂತ್ರಜ್ಞಾನದ ಮಾದರಿಯೊಂದರ ಒಳಗೇ ಹೂವು ನೋಡುತ್ತಿರುತ್ತಾರೆ. ಆದರೆ ಲಂಡನ್ನಿನ ಆ ಮೂಲ ಕಟ್ಟಡ ಮಳೆ ಬಂದಾಗ ಸೋರುತ್ತಿತ್ತು ಎಂಬುದನ್ನೂ ಹೇಳಬೇಕು. ಗಾಜಿನಲ್ಲಾಗಲಿ ಕಬ್ಬಿಣದಲ್ಲಾಗಲಿ ದೋಷವಿರಲಿಲ್ಲ. ಗಾಜು ಮರದ ಚೌಕಟ್ಟಿಗೆ ಕೂಡುವ ಸಂದುಗಳಲ್ಲಿ ನೀರು ಇಳಿಯುತ್ತಿತ್ತು.

ಇಂದಿನ ಮೇಳಗಳಲ್ಲಿ ಹೆಚ್ಚು ಜನ ಸೇರುವುದು ಯಂತ್ರಗಳ ಮುಂದೆ. ಯಾವ ಕಂಪನಿಯದಾದರೂ ಸರಿ, ಮುಂದೆ ಬಕೆಟ್ಟು ಹಿಂದೆ ಅಗೆಯುವ ತೋಳು ಇರುವ ಯಂತ್ರಕ್ಕೆ ಕನ್ನಡದ ಹಳ್ಳಿ ಹಳ್ಳಿಯಲ್ಲೂ ಜೆಸಿಬಿ ಎಂಬ ಒಂದೇ ಹೆಸರು. ಆ ಯಂತ್ರಗಳು ಬಯಲು ಪ್ರದರ್ಶನದಲ್ಲಿ ಹಾಡಿನ ತಾಳಕ್ಕೆ ಮುಂಗಾಲೆತ್ತಿ ಕುಣಿಯುವುದನ್ನು ಮಕ್ಕಳಷ್ಟೇ ಅಲ್ಲದೆ ಮುಖ್ಯ ಎಂಜಿನಿಯರುಗಳೂ ಬಾಯಿಬಿಟ್ಟು ನೋಡುತ್ತಾರೆ. ಈ ಕುಣಿತದಿಂದ ಯಂತ್ರದ ಬಗ್ಗೆ ತಿಳಿಯುವುದು ಅಷ್ಟಕ್ಕಷ್ಟೆ, ಅದನ್ನು ನಡೆಸುವ ಚಾಲಕನ ಕೈಚಳಕದ ಬಗ್ಗೆ ಮಾತ್ರ ಸಾಕಷ್ಟು ತಿಳಿಯುತ್ತದೆ. 2025ರ ಜನವರಿಯಿಂದ ಜಾರಿಗೆ ಬಂದ ಐದನೇ ಹಂತದ ಹೊಗೆ ಮಿತಿಯ ನಿಯಮಕ್ಕೆ ಹೊಂದುವ ಎಂಜಿನ್ನುಗಳು, ಡೀಸೆಲ್ ಬಿಟ್ಟು ಬ್ಯಾಟರಿಯಿಂದ ನಡೆಯುವ ಅಗೆಯುವ ಯಂತ್ರಗಳು, ಜಲ್ಲಿ ಮರಳನ್ನು ತಾನೇ ಬಾಚಿ ತುಂಬಿಕೊಂಡು ತೂಗಿ ಕಲಸಿ ಸುರಿಯುವ ಮಿಕ್ಸರುಗಳು ಇತ್ತೀಚಿನ ಆಕರ್ಷಣೆಗಳು. ಕೊಳ್ಳುವವನಿಗೆ ಇವುಗಳಲ್ಲಿ ಮುಖ್ಯವಾದ ಪ್ರಶ್ನೆ, ಕೆಲಸ ನಡೆಯುವ ಊರಿಗೆ ಬಿಡಿಭಾಗ ಎಷ್ಟು ದಿನಕ್ಕೆ ಬರುತ್ತದೆ ಎಂಬುದು. ಅದರ ಉತ್ತರ ಸಾಮಾನ್ಯವಾಗಿ ಬಣ್ಣದ ಕರಪತ್ರದಲ್ಲಿರುವುದಿಲ್ಲ.

ಯಂತ್ರಗಳ ವಿಷಯ ಇಷ್ಟಕ್ಕೆ ಬಿಟ್ಟು, ಹೆಚ್ಚು ಗಮನ ಕೊಡಬೇಕಾದ ಪ್ರಿಕಾಸ್ಟ್ ಪದ್ಧತಿಗೆ ಬರಬಹುದು. ಗೋಡೆ, ಚಾವಣಿ, ಮೆಟ್ಟಿಲುಗಳನ್ನು ಕಾರ್ಖಾನೆಯ ಅಚ್ಚಿನಲ್ಲಿ ಮೊದಲೇ ಎರಕ ಹೊಯ್ದು, ಹದವಾದ ಮೇಲೆ ಲಾರಿಯಲ್ಲಿ ತಂದು, ಕ್ರೇನಿನಿಂದ ಎತ್ತಿ ಜೋಡಿಸುವುದೇ ಪ್ರಿಕಾಸ್ಟ್. ಸ್ಥಳದಲ್ಲೇ ಹಲಗೆ ಬಡಿದು ಮೋಲ್ಡ್ ಹಾಕಿ, ಮೂರು ವಾರ ನೀರುಣಿಸಿ ಕಾಯುವ ಕ್ರಮಕ್ಕೆ ಹೋಲಿಸಿದರೆ ಇದು ವೇಗದ ಕೆಲಸ, ಮತ್ತು ಕಾರ್ಖಾನೆಯಲ್ಲಿ ಗುಣಮಟ್ಟದ ಹಿಡಿತವೂ ಹೆಚ್ಚು ಎಂಬುದು ನಿಜ. ಮಳಿಗೆಯಲ್ಲಿ ನಿಲ್ಲಿಸಿದ ಹಲಗೆ ಕನ್ನಡಿಯಷ್ಟು ನುಣುಪಾಗಿರುತ್ತದೆ, ನೋಡುವವರು ಕೈಯಾಡಿಸಿ ಮೆಚ್ಚುತ್ತಾರೆ. ಮೆಚ್ಚಬೇಕಾದದ್ದೋ ಅನುಮಾನಿಸಬೇಕಾದದ್ದೋ ಹಲಗೆಯ ಮಧ್ಯದಲ್ಲಿಲ್ಲ, ಅಂಚಿನಲ್ಲಿದೆ. ಕ್ರೇನು ಮೇಲಿನ ಗೋಡೆಯನ್ನು ಇಳಿಸುವಾಗ, ಕೆಳಗಿನ ಗೋಡೆಯ ತಲೆಯಿಂದ ಚಾಚಿಕೊಂಡಿರುವ ಕಬ್ಬಿಣದ ಕಂಬಿಗಳು ಮೇಲಿನದರ ತಳದಲ್ಲಿ ಹುದುಗಿಸಿರುವ ಸುಕ್ಕುಕೊಳವೆಗಳ ಒಳಗೆ ಸರಿಯಾಗಿ ಹೊಗಬೇಕು. ಮಟ್ಟ ಹೊಂದಿಸಲು ತಳದಲ್ಲಿ ತೆಳುವಾದ ಬಿಲ್ಲೆಗಳನ್ನಿಟ್ಟು, ಓರೆ ಆಸರೆಗಳನ್ನು ತಿರುಗಿಸುತ್ತ ಗೋಡೆಯನ್ನು ತೂಗುಗುಂಡಿಗೆ ಸರಿಯಾಗಿ ನಿಲ್ಲಿಸಿ, ತಳದ ಸಂದನ್ನು ಹೊರಗಿನಿಂದ ಗಾರೆಯಿಂದ ಮುಚ್ಚಿ, ಕೆಳಗಿನ ತೂತಿನಿಂದ ಗ್ರೌಟನ್ನು ಒತ್ತಬೇಕು. ಗ್ರೌಟ್ ಎಂದರೆ ಸಿಮೆಂಟು ಮತ್ತು ನಯವಾದ ಮರಳಿಗೆ, ಒಣಗಿದಾಗ ಕುಗ್ಗದಂತೆ ತಡೆಯುವ ದ್ರವ್ಯ ಬೆರೆಸಿ ಕಲಸಿದ ನೀರು ನೀರಾದ ಗಾರೆ. ಅದು ಮೇಲಿನ ತೂತಿನಿಂದ ಗುಳ್ಳೆಯಿಲ್ಲದೆ ಉಕ್ಕಿ ಹೊರಬಂದಾಗ ಮಾತ್ರ ಕೊಳವೆ ತುಂಬಿತೆಂದು ಅರ್ಥ. ಅಂಚನ್ನು ಒಮ್ಮೆ ಮುಚ್ಚಿದ ಮೇಲೆ ಒಳಗೆ ಗ್ರೌಟು ತುಂಬಿದೆಯೋ ಅರ್ಧಕ್ಕೇ ನಿಂತಿದೆಯೋ ಕಣ್ಣಿಗೆ ಕಾಣುವುದಿಲ್ಲ. ಕಂಬಿ ಬೆರಳಷ್ಟು ಅತ್ತಿತ್ತ ಸರಿದಿದ್ದು ಕೊಳವೆಗೆ ಹೊಗದೇ ಹೋದಾಗ, ಬಾಡಿಗೆ ಏರುತ್ತಿರುವ ಕ್ರೇನು ತಲೆಯ ಮೇಲೆ ಗೋಡೆ ಹಿಡಿದು ನಿಂತಿರುವಾಗ, ಕೆಲಸಗಾರ ಕಂಬಿಯನ್ನು ಬಗ್ಗಿಸುತ್ತಾನೆ ಇಲ್ಲವೆ ಗ್ಯಾಸ್ ಕಟರಿನಿಂದ ಕತ್ತರಿಸಿಬಿಡುತ್ತಾನೆ. ನಕ್ಷೆಯಲ್ಲಿ ಅದು ಇದ್ದೇ ಇರುತ್ತದೆ, ಕಟ್ಟಡದಲ್ಲಿರುವುದಿಲ್ಲ.

ಇದು ಬರಿಯ ಊಹೆಯ ಭಯವಲ್ಲ. 1968ರ ಮೇ 16ರ ಬೆಳಗಿನ ಜಾವ ಪೂರ್ವ ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ವಸತಿ ಗೋಪುರದ 18ನೇ ಮಹಡಿಯ ಅಡುಗೆಮನೆಯೊಂದರಲ್ಲಿ ಸೋರಿದ ಅನಿಲ ಸಿಡಿಯಿತು. ಸಿಡಿತವೇನೂ ಅಷ್ಟು ದೊಡ್ಡದಲ್ಲ, ಆದರೆ ಅದು ಹೊರಗೋಡೆಯ ಹಲಗೆಯನ್ನು ಹೊರಕ್ಕೆ ತಳ್ಳಿದೊಡನೆ ಮೇಲಿನ ಮಹಡಿಗಳಿಗೆ ಆಧಾರ ತಪ್ಪಿ, ಅವುಗಳ ಭಾರ ಬಿದ್ದು ಕೆಳಗಿನ ಮಹಡಿಗಳೂ ಒಂದರ ಮೇಲೊಂದು ಕುಸಿದು, ಕಟ್ಟಡದ ಒಂದು ಮೂಲೆ ಮೇಲಿನಿಂದ ಕೆಳತನಕ ಉದುರಿತು. ನಾಲ್ವರು ಸತ್ತರು. ಜನ ವಾಸಕ್ಕೆ ಬಂದು ಆಗ ಎರಡು ತಿಂಗಳಷ್ಟೇ ಆಗಿತ್ತು. ದೊಡ್ಡ ಹಲಗೆಗಳ ಆ ಪದ್ಧತಿ ಡೆನ್ಮಾರ್ಕಿನಿಂದ ಬಂದದ್ದು, ಅಲ್ಲಿ ಹೆಚ್ಚು ಎತ್ತರವಿಲ್ಲದ ಕಟ್ಟಡಗಳಿಗೆ ಬಳಕೆಯಾಗಿದ್ದು. 1986ರಲ್ಲಿ ಗೋಪುರವನ್ನು ಬಿಚ್ಚಿ ಕೆಡವುವಾಗ ಹಲವು ಸಂದುಗಳಲ್ಲಿ ಗಾರೆಗೆ ಬದಲು ಕಸಕಡ್ಡಿ ಮತ್ತು ಹಳೆಯ ಪತ್ರಿಕೆ ತುರುಕಿದ್ದು ಬೆಳಕಿಗೆ ಬಂತು. ಒಂದು ಭಾಗ ಹೋದರೆ ಇಡೀ ಕಟ್ಟಡ ಕುಸಿಯಬಾರದು ಎಂಬ ನಿಯಮ ಬ್ರಿಟನ್ನಿನ ಕಟ್ಟಡ ಕಾನೂನಿಗೆ ಸೇರಿದ್ದು ಈ ದುರಂತದ ಬಳಿಕ. ಭಾರತದಲ್ಲಿಯೂ 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಪ್ರಿಕಾಸ್ಟ್ ಭಾಗಗಳಿಂದ ಕಟ್ಟಿದ್ದ ಹಲವು ಶಾಲೆಗಳ ಚಾವಣಿ ಹಲಗೆಗಳು, ಗೋಡೆಗೂ ಪರಸ್ಪರಕ್ಕೂ ಸಾಕಷ್ಟು ಕಟ್ಟಿಲ್ಲದ ಕಾರಣ ಜಾರಿ ಬಿದ್ದವು. ಅಂದು ಗಣರಾಜ್ಯೋತ್ಸವದ ರಜೆಯಾದ್ದರಿಂದ ತರಗತಿಗಳಲ್ಲಿ ಪಾಠ ನಡೆಯುತ್ತಿರಲಿಲ್ಲ. ಆದ್ದರಿಂದ ಸಮ್ಮೇಳನಕ್ಕೆ ಹೋಗುವ ಎಂಜಿನಿಯರು ಹಲಗೆಯ ಬಲವೆಷ್ಟು ಎಂದು ಕೇಳುವುದಕ್ಕಿಂತ, ಸಂದು ತುಂಬಿದೆಯೆಂದು ತುಂಬಿದ ಮೇಲೆ ಪರೀಕ್ಷಿಸುವುದು ಹೇಗೆ, ಮಳೆಗಾಲದಲ್ಲಿ ಅದು ಸೋರಿದ ಕಟ್ಟಡ ಯಾವುದು, ಸೋರಿದಾಗ ಏನು ಮಾಡಿದಿರಿ ಎಂದು ಕೇಳುವುದು ಲೇಸು. ಮಳಿಗೆಯ ಮಾರಾಟಗಾರರಿಗೆ ಈ ಪ್ರಶ್ನೆ ಇಷ್ಟವಾಗದು. ಆದರೆ ಅವರ ಹಿಂದೆ ಸುಮ್ಮನೆ ನಿಂತಿರುವ ಸೈಟ್ ಎಂಜಿನಿಯರಿಗೆ ಉತ್ತರ ಗೊತ್ತಿರುತ್ತದೆ, ಊಟದ ಸಾಲಿನಲ್ಲಿ ಆತ ಹೇಳುತ್ತಾನೆ ಕೂಡ.

ಪ್ರದರ್ಶನದ ಮೂಲಕ ವಸತಿ ಸಮಸ್ಯೆಗೆ ಪರಿಹಾರ ಹುಡುಕುವ ಪ್ರಯತ್ನ ಸ್ವತಂತ್ರ ಭಾರತದಲ್ಲಿ ಬಹಳ ಬೇಗನೆ ನಡೆಯಿತು. ಬೌಮಾ ಆರಂಭವಾದ 1954ರಲ್ಲೇ ದೆಹಲಿಯಲ್ಲಿ ಕಡಮೆ ವೆಚ್ಚದ ವಸತಿಯ ಅಂತರರಾಷ್ಟ್ರೀಯ ಪ್ರದರ್ಶನವೊಂದು ಏರ್ಪಟ್ಟು, ಅದರ ಜೊತೆಗೇ ವಿಶ್ವಸಂಸ್ಥೆಯ ಆಶ್ರಯದ ವಿಚಾರ ಸಂಕಿರಣವೂ ನಡೆಯಿತು. ಅದನ್ನು ನಿರ್ದೇಶಿಸಿದ ಬ್ರಿಟಿಷ್ ನಗರ ಯೋಜಕಿ ಜ್ಯಾಕ್ವಲೀನ್ ಟಿರ್‌ವಿಟ್, ಬಿಡಿ ಬಿಡಿ ಮಾದರಿ ಮನೆಗಳ ಸಾಲಿನ ನಡುವೆ ಗ್ರಾಮಕೇಂದ್ರವೊಂದರ ಪೂರ್ಣ ಮಾದರಿಯನ್ನು ರೂಪಿಸಿ, ಮನೆಯೆಂಬುದು ಶಾಲೆ, ಆರೋಗ್ಯ, ಕಸುಬುಗಳಿಂದ ಬೇರ್ಪಟ್ಟ ಸರಕಲ್ಲವೆಂಬುದನ್ನು ಕಣ್ಣಿಗೆ ಕಾಣುವಂತೆ ಇಟ್ಟರು. ಅದಕ್ಕೆ ಕೆಲವೇ ವರ್ಷ ಮೊದಲು ವಿಭಜನೆಯ ನಿರಾಶ್ರಿತರ ಒತ್ತಡದ ಕಾಲದಲ್ಲಿ ಕೇಂದ್ರ ಸರ್ಕಾರ ದೆಹಲಿಯಲ್ಲಿ ಹಾಕಿದ ಮನೆಗಳ ಕಾರ್ಖಾನೆ, ಹೊರದೇಶದ ವಿಧಾನದಲ್ಲಿ ತಯಾರಿಸಿದ ಹಗುರ ಕಾಂಕ್ರೀಟಿನ ಹಲಗೆಗಳು ಬಿರುಕುಬಿಟ್ಟು ಸಂಸತ್ತಿನಲ್ಲಿ ಟೀಕೆಗೆ ಗುರಿಯಾಗಿತ್ತು. ಮುಂದೆ ಅದೇ ಕಾರ್ಖಾನೆ ಬೇರೆ ಹೆಸರಿನಲ್ಲಿ ವಿದ್ಯುತ್ ಕಂಬ ಮತ್ತು ರೈಲು ಹಳಿಯ ಸ್ಲೀಪರುಗಳನ್ನು ತಯಾರಿಸಿ ಬದುಕಿಕೊಂಡದ್ದು ಗಮನಾರ್ಹ. ಕಂಬಕ್ಕೂ ಸ್ಲೀಪರಿಗೂ ಒಂದಕ್ಕೊಂದು ಕೂಡುವ ಸಂದಿಲ್ಲ.

ಅಲ್ಲಿಂದ 65 ವರ್ಷಗಳ ಬಳಿಕ, 2019ರ ಮಾರ್ಚ್ 2 ಮತ್ತು 3ರಂದು ದೆಹಲಿಯ ವಿಜ್ಞಾನ ಭವನದಲ್ಲಿ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು ನಿರ್ಮಾಣ ತಂತ್ರಜ್ಞಾನದ ಪ್ರದರ್ಶನ ಮತ್ತು ಸಮ್ಮೇಳನವನ್ನು ನಡೆಸಿತು; ಅಲ್ಲೇ 2019–20ನ್ನು ನಿರ್ಮಾಣ ತಂತ್ರಜ್ಞಾನ ವರ್ಷವೆಂದು ಪ್ರಧಾನಿ ಘೋಷಿಸಿದರು. ಜಾಗತಿಕ ವಸತಿ ತಂತ್ರಜ್ಞಾನ ಸವಾಲು ಎಂಬ ಹೆಸರಿನ ಸಚಿವಾಲಯದ ಯೋಜನೆಯಡಿ ದೇಶವಿದೇಶದ 54 ತಂತ್ರಜ್ಞಾನಗಳನ್ನು ಆಯ್ದು, ಅವುಗಳಲ್ಲಿ ಆರನ್ನು ಆರು ನಗರಗಳಲ್ಲಿ ತಲಾ ಸುಮಾರು ಸಾವಿರ ಮನೆಗಳ ಬಡಾವಣೆಗಳಾಗಿ ಕಟ್ಟಿ ನೋಡುವುದೆಂದು ತೀರ್ಮಾನವಾಯಿತು. ಸಮ್ಮೇಳನದಲ್ಲಿ ಕಂಡದ್ದನ್ನು ಬಯಲಲ್ಲಿ ನಿಲ್ಲಿಸಿ ಪರೀಕ್ಷಿಸುವ ಈ ಹೆಜ್ಜೆ, ಭಾಷಣಗಳಲ್ಲೇ ಮುಗಿದುಹೋಗುವ ನೂರಾರು ಕೂಟಗಳಿಗೆ ಹೋಲಿಸಿದರೆ ನಿಜಕ್ಕೂ ಮೆಚ್ಚತಕ್ಕದ್ದು. ಚೆನ್ನೈಯಲ್ಲಿ ಪ್ರಿಕಾಸ್ಟ್ ತೊಲೆ ಕಂಬಗಳು, ರಾಂಚಿಯಲ್ಲಿ ಕೋಣೆಗೆ ಕೋಣೆಯನ್ನೇ ಎರಕ ಹೊಯ್ದು ಒಂದರ ಮೇಲೊಂದು ಕೂರಿಸುವ ಕ್ರಮ, ಇಂದೋರಿನಲ್ಲಿ ಎರಡು ತೆಳು ಹಾಳೆಗಳ ನಡುವೆ ಹಗುರ ತಿರುಳಿರುವ ಸ್ಯಾಂಡ್‌ವಿಚ್ ಹಲಗೆ, ರಾಜಕೋಟೆಯಲ್ಲಿ ಗೋಡೆ ಚಾವಣಿಗಳನ್ನು ಸುರಂಗದಾಕಾರದ ಉಕ್ಕಿನ ಅಚ್ಚಿನಲ್ಲಿ ಒಟ್ಟಿಗೇ ಎರಕ ಹೊಯ್ಯುವ ವಿಧಾನ, ಅಗರ್ತಲದಲ್ಲಿ ತೆಳು ಉಕ್ಕಿನ ಚೌಕಟ್ಟು, ಲಕ್ನೋದಲ್ಲಿ ಕಾಂಕ್ರೀಟು ಗಟ್ಟಿಯಾದ ಮೇಲೂ ಬಿಚ್ಚದೆ ಗೋಡೆಯಲ್ಲೇ ಉಳಿಯುವ ಪಿವಿಸಿ ಅಚ್ಚು ಹೀಗೆ ಒಂದೊಂದು ಊರಿಗೆ ಒಂದೊಂದು ಪದ್ಧತಿ ಹಂಚಿಕೆಯಾಯಿತು. 2021ರ ಜನವರಿ 1ರಂದು ಆರಕ್ಕೂ ಒಮ್ಮೆಲೇ ಶಂಕುಸ್ಥಾಪನೆಯಾಗಿ, ಒಂದು ವರ್ಷದಲ್ಲಿ ಮುಗಿಸುವ ಗುರಿಯನ್ನಿಟ್ಟುಕೊಳ್ಳಲಾಗಿತ್ತು. ಚೆನ್ನೈಯ 1,152 ಮನೆಗಳು ಉದ್ಘಾಟನೆಯಾದದ್ದು 2022ರ ಮೇ ತಿಂಗಳಲ್ಲಿ, ರಾಜಕೋಟೆಯವು ಅದೇ ವರ್ಷದ ಅಕ್ಟೋಬರಿನಲ್ಲಿ. ಮಿಕ್ಕವು ಇನ್ನೂ ತಡವಾದವು. ನಡುವೆ ಕೊರೋನಾದ ಎರಡನೇ ಅಲೆ ಬಂದಿತೆಂಬುದನ್ನು ಲೆಕ್ಕಕ್ಕೆ ಹಿಡಿದೇ ನೋಡಿದರೂ, ವೇಗವೆಂಬುದು ತಂತ್ರಜ್ಞಾನ ತಾನಾಗಿ ತಂದುಕೊಡುವ ಗುಣವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹಲಗೆ ತಿಂಗಳಲ್ಲಿ ನಿಂತರೂ ಒಳಚರಂಡಿಗೆ, ವಿದ್ಯುತ್ ಸಂಪರ್ಕಕ್ಕೆ, ಬಿಲ್ಲು ಪಾವತಿಗೆ ಹಿಡಿಯುವ ಕಾಲ ಹಳೆಯದೇ.

ಸಮ್ಮೇಳನದಲ್ಲಿ ಒಳ್ಳೆಯದೆಂದು ಒಪ್ಪಿದ ವಿಧಾನ ಕರ್ನಾಟಕದ ಒಂದು ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗೋ ವಿದ್ಯಾರ್ಥಿನಿಲಯಕ್ಕೋ ಇಳಿಯಬೇಕಾದರೆ ಎಷ್ಟು ಬಾಗಿಲು ದಾಟಬೇಕೆಂಬುದನ್ನು ಸಭಾಂಗಣದಲ್ಲಿ ಯಾರೂ ವಿವರಿಸುವುದಿಲ್ಲ. ಮೊದಲು ಭಾರತೀಯ ಮಾನಕ ಬ್ಯೂರೊದ ಸಂಹಿತೆಯಲ್ಲಿ ಅದಕ್ಕೆ ಸ್ಥಾನ ಬೇಕು. ಸಂಹಿತೆ ಎಂದರೆ ಯಾವ ಕೆಲಸವನ್ನು ಯಾವ ಅಳತೆ, ಯಾವ ಬಲದಲ್ಲಿ ಮಾಡಿದರೆ ಸುರಕ್ಷಿತವೆಂದು ತಜ್ಞರ ಸಮಿತಿ ಒಪ್ಪಿ ಮುದ್ರಿಸಿದ ನಿಯಮಾವಳಿ, ಮತ್ತು ಕಾಂಕ್ರೀಟಿನ ಮೂಲ ಸಂಹಿತೆಯಾದ ಐಎಸ್ 456 ಮೊದಲು 1953ರಲ್ಲಿ ಬಂದು, 1978ರ ಪರಿಷ್ಕರಣೆಯ ಬಳಿಕ ಮುಂದಿನ ಪರಿಷ್ಕರಣೆಗೆ 2000ದವರೆಗೆ ಕಾದ ಗತಿಯನ್ನು ನೋಡಿದರೆ ಈ ಬಾಗಿಲು ಎಷ್ಟು ನಿಧಾನವಾಗಿ ತೆರೆಯುತ್ತದೆಂಬುದು ತಿಳಿಯುತ್ತದೆ. ಸಂಹಿತೆಯಿಲ್ಲದ ಹೊಸ ಪದ್ಧತಿಗಳಿಗೆ, 1990ರಲ್ಲಿ ಸ್ಥಾಪನೆಯಾದ ಕೇಂದ್ರದ ಕಟ್ಟಡ ಸಾಮಗ್ರಿ ಮತ್ತು ತಂತ್ರಜ್ಞಾನ ಉತ್ತೇಜನ ಮಂಡಳಿ, ಅಂದರೆ ಬಿಎಂಟಿಪಿಸಿ, ಪರೀಕ್ಷಿಸಿ ಕಾರ್ಯಕ್ಷಮತೆಯ ಪ್ರಮಾಣಪತ್ರ ಕೊಡುತ್ತದೆ. ಅದಾದ ಮೇಲೆ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ, ಅಂದರೆ ಎಂಜಿನಿಯರುಗಳು ಎಸ್‌ಆರ್ ಎಂದು ಕರೆಯುವ ಪುಸ್ತಕದಲ್ಲಿ, ಆ ಕೆಲಸಕ್ಕೊಂದು ದರ ಇರಬೇಕು. ದರವಿಲ್ಲದಿದ್ದರೆ ಅಂದಾಜುಪಟ್ಟಿ ತಯಾರಿಸುವಂತಿಲ್ಲ, ಅಂದಾಜುಪಟ್ಟಿಯಿಲ್ಲದೆ ಟೆಂಡರ್ ಇಲ್ಲ. ಟೆಂಡರಿನಲ್ಲಿ ಒಂದೇ ಕಂಪನಿಯ ಪೇಟೆಂಟ್ ವಿಧಾನವನ್ನು ಹೆಸರಿಸಿದರೆ ಸ್ಪರ್ಧೆಗೆ ಅಡ್ಡಿಯೆಂದು ಆಕ್ಷೇಪ ಬರುತ್ತದೆ. ಹೆಸರಿಸದೆ ಬರೆದರೆ ಎಲ್ಲರಿಗೂ ಗೊತ್ತಿರುವ ಹಳೆಯ ವಿಧಾನದವನೇ ಕಡಮೆ ದರ ನಮೂದಿಸಿ ಕೆಲಸ ಹಿಡಿಯುತ್ತಾನೆ. ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಗಾಗಿ ಕರ್ನಾಟಕ 1999ರಲ್ಲಿ ತಂದ ಕಾಯಿದೆ ಒಳ್ಳೆಯ ಕಾರಣಕ್ಕೇ ಬಂದದ್ದು. ಟೆಂಡರಿಲ್ಲದೆ ಕೆಲಸ ಕೊಡಲು ಅವಕಾಶವೀಯುವ ಅದರ 4(ಜಿ) ವಿನಾಯಿತಿಯೆಂಬ ಒಳದಾರಿಯ ಕುರಿತು ಪತ್ರಿಕೆಗಳಲ್ಲಿ ಆಗಾಗ ಓದುವವರಿಗೆ, ಹೊಸ ತಂತ್ರಜ್ಞಾನದ ನೆಪದಲ್ಲಿ ಆ ದಾರಿಯನ್ನು ಅಗಲ ಮಾಡುವುದು ಅಪಾಯಕಾರಿ ಎನ್ನಿಸಿದರೆ ತಪ್ಪಲ್ಲ. ಮಾದಾವರದಲ್ಲಿ ಉತ್ಸಾಹದಿಂದ ಚೀಲದ ತುಂಬ ಕರಪತ್ರ ಹೊತ್ತು ತಂದ ಸಹಾಯಕ ಎಂಜಿನಿಯರು, ಮರುದಿನ ಕಚೇರಿಯಲ್ಲಿ ಮತ್ತದೇ ಇಟ್ಟಿಗೆ ಗೋಡೆ, ಆರ್‌ಸಿಸಿ ಚಾವಣಿಯ ಅಂದಾಜುಪಟ್ಟಿ ಬರೆಯುವುದಕ್ಕೆ ಆಲಸ್ಯ ಕಾರಣವಲ್ಲ.

ಬೆಂಗಳೂರಿನಲ್ಲೇ ಇಂಥ ಬಾಗಿಲುಗಳನ್ನು ದಾಟಿ ನಿಂತ ಕಟ್ಟಡವೊಂದುಂಟು. ಹಲಸೂರಿನ ಕೇಂಬ್ರಿಡ್ಜ್ ಬಡಾವಣೆಯ ಅಂಚೆ ಕಚೇರಿ, ತ್ರೀ-ಡಿ ಮುದ್ರಣದಿಂದ ಕಟ್ಟಿದ ದೇಶದ ಮೊದಲ ಅಂಚೆ ಕಚೇರಿಯೆಂದು 2023ರ ಆಗಸ್ಟ್ 18ರಂದು ಉದ್ಘಾಟನೆಯಾಯಿತು. 1,021 ಚದರಡಿಯ ಅದನ್ನು ಲಾರ್ಸನ್ ಅಂಡ್ ಟೂಬ್ರೊ ಕಂಪನಿಯು ಮದ್ರಾಸಿನ ಐಐಟಿಯ ಮಾರ್ಗದರ್ಶನದಲ್ಲಿ 43 ದಿನಗಳಲ್ಲಿ ಮುಗಿಸಿತು. ಇಲ್ಲಿ ಮುದ್ರಣವೆಂದರೆ, ಗಣಕದ ಆಣತಿಯಂತೆ ಚಲಿಸುವ ನಳಿಗೆಯೊಂದು ಗಾರೆಯನ್ನು ಚಕ್ಕುಲಿ ಒರಳಿನಿಂದ ಹಿಟ್ಟು ಒತ್ತಿದಂತೆ ಪಟ್ಟಿ ಪಟ್ಟಿಯಾಗಿ ಒಂದರ ಮೇಲೊಂದು ಹಾಸುತ್ತ ಗೋಡೆ ಎಬ್ಬಿಸುವುದು. ಪಂಪಿನ ಕೊಳವೆಯೊಳಗೆ ಆ ಗಾರೆ ಸರಾಗವಾಗಿ ಹರಿಯಬೇಕು, ಹೊರಬಂದ ಕ್ಷಣದಲ್ಲೇ ಮೇಲಿನ ಪದರದ ಭಾರ ಹೊರುವಷ್ಟು ಬಿಗಿಯಬೇಕು, ಆದರೂ ಮುಂದಿನ ಪದರ ಬರುವವರೆಗೆ ಅದರೊಡನೆ ಬೆಸೆಯುವಷ್ಟು ಹಸಿಯಾಗಿರಬೇಕು; ಪರಸ್ಪರ ವಿರುದ್ಧವಾದ ಈ ಬೇಡಿಕೆಗಳನ್ನು ಬೇಸಿಗೆಯ ಮಧ್ಯಾಹ್ನಕ್ಕೂ ಚಳಿಗಾಲದ ಮುಂಜಾವಿಗೂ ಹೊಂದಿಸುವುದರಲ್ಲಿಯೇ ವಿದ್ಯೆಯೆಲ್ಲ ಅಡಗಿದೆ. ಪದರ ಪದರಗಳ ನಡುವಿನ ಬೆಸುಗೆಯೇ ಗೋಡೆಯ ದುರ್ಬಲ ಜಾಗವಾಗುವ ಸಂಭವವಿರುವುದರಿಂದ ಇಲ್ಲಿಯೂ ಪ್ರಶ್ನೆ ಸಂದಿನದೇ. ಇನ್ನು ಪಾಯ, ವಿದ್ಯುತ್ತು, ಕೊಳಾಯಿಯ ಕೆಲಸಗಳಿಗೆ ಮುದ್ರಣ ಯಂತ್ರದಿಂದ ಹೆಚ್ಚಿನ ಸಹಾಯವಿಲ್ಲ. ಇಡೀ ಮನೆಯೇ ಮುದ್ರಣವಾಗುತ್ತದೆಂಬ ಮಾತು ಮಳಿಗೆಯ ಮಾತು.

ಕಟ್ಟಡ ಸಾಮಗ್ರಿಗಳ ಅಂಗಣದಲ್ಲಿ ಕೆಲವು ವರ್ಷಗಳಿಂದ ಪ್ರಚಾರದಲ್ಲಿರುವ ವಸ್ತು ಎಲ್‌ಸಿ3 ಎಂಬ ಸಿಮೆಂಟು. ಸಾಮಾನ್ಯ ಸಿಮೆಂಟಿನ ಜೀವಾಳವಾದ ಕ್ಲಿಂಕರನ್ನು ಪಡೆಯಲು ಸುಣ್ಣದಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡಬೇಕು; ಆಗ ಉರುವಲಿನಿಂದಲ್ಲದೆ ಕಲ್ಲಿನೊಳಗಿನಿಂದಲೂ ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ, ಪ್ರಪಂಚದ ಒಟ್ಟು ಹೊರಸೂಸುವಿಕೆಯಲ್ಲಿ ಶೇ. 7ರಿಂದ 8ರಷ್ಟು ಪಾಲು ಸಿಮೆಂಟಿನದು. ಸ್ವಿಟ್ಜರ್ಲೆಂಡಿನ ಕ್ಯಾರೆನ್ ಸ್ಕ್ರಿವೆನರ್ ಅವರ ತಂಡ, ಕ್ಯೂಬಾದ ಮತ್ತು ದೆಹಲಿ, ಮದ್ರಾಸು ಐಐಟಿಗಳ ಸಂಶೋಧಕರು ಸೇರಿ ರೂಪಿಸಿದ ಈ ಸಿಮೆಂಟಿನಲ್ಲಿ ಕ್ಲಿಂಕರಿನ ಪಾಲು ಅರ್ಧಕ್ಕಿಳಿದು, ಮಿಕ್ಕ ಭಾಗವನ್ನು 700ರಿಂದ 850 ಡಿಗ್ರಿಯಲ್ಲಿ ಸುಟ್ಟ ಜೇಡಿಮಣ್ಣು ಮತ್ತು ಸುಡದ ಸುಣ್ಣದಕಲ್ಲಿನ ಪುಡಿ ತುಂಬುತ್ತವೆ. ಇದಕ್ಕಾಗಿ 2023ರಲ್ಲಿ ಭಾರತೀಯ ಮಾನಕವೂ ಬಂದಿದೆ. ಸುಟ್ಟ ಮಣ್ಣು ಸುಣ್ಣದೊಡನೆ ನೀರಿನಲ್ಲಿ ಕೂಡಿ ಗಟ್ಟಿಯಾಗುವ ಈ ಗುಣ ಮೈಸೂರು ಸೀಮೆಗೆ ಹೊಸದಲ್ಲ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿಟ್ಟಿರುವುದು ಸುಟ್ಟ ಇಟ್ಟಿಗೆಯ ಪುಡಿ ಮತ್ತು ಸುಣ್ಣವನ್ನು ಅರೆದು ಮಾಡಿದ ಸುರ್ಕಿ ಗಾರೆಯೇ. ಎರಡರ ರಸಾಯನ ಒಂದೇ ಮನೆತನದ್ದು. ಹದ, ನಯ ಮತ್ತು ಗಟ್ಟಿಯಾಗುವ ವೇಗ ಬೇರೆ. ಮೈಸೂರಿನಿಂದ ಅರ್ಧ ಗಂಟೆಯ ದೂರದಲ್ಲಿ ನೂರು ವರ್ಷ ನೀರು ತಡೆದು ನಿಂತ ಸಾಕ್ಷಿಯಿರುವಾಗ, ಅದರ ಉಲ್ಲೇಖ ಮಂಡನೆಗಳಲ್ಲಿ ಅಪರೂಪವಾಗಿರುವುದು ವಿಚಿತ್ರವೇ ಸರಿ.

ವಿಚಿತ್ರವೆನ್ನಿಸಿದರೂ ಕಾರಣ ಸರಳ. ಚದರ ಮೀಟರಿನ ಲೆಕ್ಕದಲ್ಲಿ ಬಾಡಿಗೆ ತೆತ್ತು ಮಳಿಗೆ ಹಾಕುವವರು ಮಾರುವ ಸರಕಿರುವವರು. ಯಾರ ಸ್ವತ್ತೂ ಅಲ್ಲದ ವಿಧಾನಕ್ಕೆ ಬಾಡಿಗೆ ಕಟ್ಟುವವರಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಆರಂಭವಾದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಘಟಕದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಬೆಳೆಸಿದ ಮಣ್ಣಿನ ಇಟ್ಟಿಗೆಯ ಕಥೆ ಇದೇ. ಪಾಯ ತೋಡಿದಾಗ ಬಂದ ಮಣ್ಣಿಗೇ ಬೇಕಾದಷ್ಟು ಮರಳು ಮತ್ತು ಸ್ವಲ್ಪ ಸಿಮೆಂಟು ಬೆರೆಸಿ, ಇಬ್ಬರು ಮೂವರು ಕೈಯಿಂದ ನಡೆಸುವ ಒತ್ತುಯಂತ್ರದಲ್ಲಿ ಅದುಮಿ, ಗೂಡಿನಲ್ಲಿ ಸುಡದೆ ನೀರುಣಿಸಿ ಒಣಗಿಸಿದ ಆ ಇಟ್ಟಿಗೆಯಲ್ಲಿ ಕಟ್ಟಿದ ಮನೆಗಳು ಬೆಂಗಳೂರಿನ ಹಲವು ಬಡಾವಣೆಗಳಲ್ಲಿವೆ, ಹೊರಗಾರೆಯಿಲ್ಲದೆ ದಶಕಗಳ ಮಳೆಯನ್ನು ತಡೆದುಕೊಂಡಿವೆ. ಬೆಳಕಿನಲ್ಲಿ ಮಿನುಗುವ ಮೇಳಗಳಲ್ಲಿ ಇದಕ್ಕೆ ಸಿಗುವ ಜಾಗ, ಸಿಕ್ಕರೆ, ಕಾಲೇಜು ವಿದ್ಯಾರ್ಥಿಗಳ ಭಿತ್ತಿಪತ್ರಗಳ ಮೂಲೆಯಲ್ಲಿ. ಸಾಮಗ್ರಿಯ ಯೋಗ್ಯತೆಯನ್ನು ಮಳಿಗೆಯ ಅಗಲದಿಂದ ಅಳೆಯಬಾರದೆಂಬ ಎಚ್ಚರ ನೋಡುವವರಿಗೇ ಇರಬೇಕಾಗುತ್ತದೆ.

ಇಂಥ ಸಭೆಗಳಿಗೆ ಬಾರದವರ ಕಡೆಗೂ ಗಮನ ಹರಿಯಬೇಕು. ಗ್ರೌಟನ್ನು ಒತ್ತುವವನು, ಮೈವಾನ್ ಎಂದು ಸೈಟಿನಲ್ಲಿ ಕರೆಯುವ ಅಲ್ಯೂಮಿನಿಯಂ ಅಚ್ಚಿನ ಹಲಗೆಗಳನ್ನು ಮಹಡಿಯಿಂದ ಮಹಡಿಗೆ ಕೈಯಲ್ಲೇ ಸಾಗಿಸುವವನು, ರಸಮಟ್ಟ ಹಿಡಿದು ಗೋಡೆ ಓರೆಯಾಗಿದೆಯೆಂದು ಹೇಳುವ ಮೇಸ್ತ್ರಿ ಇವರಾರೂ ಪ್ರತಿನಿಧಿಗಳ ಪಟ್ಟಿಯಲ್ಲಿರುವುದಿಲ್ಲ. ಇವರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಬಂದವರೂ ಒಡಿಶಾ, ಬಿಹಾರ, ಬಂಗಾಳಗಳಿಂದ ಬಂದವರೂ ಸೇರಿರುತ್ತಾರೆ. ಸಭಾಂಗಣದ ಭಾಷೆ ಆರಂಭದ ಪ್ರಾರ್ಥನೆಯನ್ನು ಬಿಟ್ಟರೆ ಬಹುಪಾಲು ಇಂಗ್ಲಿಷು. ಪರದೆಯ ಮೇಲೆ ಕಟ್ಟಡ ಮಾಹಿತಿ ಮಾದರಿ, ಅಂದರೆ ಕಂಬ, ಕೊಳಾಯಿ, ವಿದ್ಯುತ್ ತಂತಿಗಳೆಲ್ಲವನ್ನೂ ಅಳತೆ ಸಮೇತ ಗಣಕದೊಳಗೆ ಮೊದಲೇ ಕಟ್ಟಿ, ಒಂದಕ್ಕೊಂದು ಎಲ್ಲಿ ಅಡ್ಡಬರುತ್ತದೆಂದು ಪತ್ತೆಹಚ್ಚುವ ಬಿಐಎಂ ಪದ್ಧತಿ, ಮಿರಮಿರನೆ ಮಿಂಚುತ್ತಿರುತ್ತದೆ. ಆ ಮಾದರಿಯಿಂದ ಹೊರಟ ನಿರ್ದೇಶನ ಸೈಟಿಗೆ ತಲಪುವ ಹೊತ್ತಿಗೆ ಮಡಿಚಿದ ನಕ್ಷೆಯ ಹಾಳೆಯಾಗಿ, ಮೇಸ್ತ್ರಿಗೆ ಯಾರೋ ಹಿಂದಿಯಲ್ಲಿ ಅರ್ಧ, ಕೈಸನ್ನೆಯಲ್ಲಿ ಅರ್ಧ ತಿಳಿಸಿದ ಮಾತಾಗಿ ಇಳಿದಿರುತ್ತದೆ.

ಇದನ್ನು ಸರಿಪಡಿಸುವುದು ಹಣದ ಕೊರತೆಯಿಂದ ನಿಂತ ಕೆಲಸವಲ್ಲ. 1996ರ ಕಾಯಿದೆಯಡಿ ಕಟ್ಟಡ ವೆಚ್ಚದ ಮೇಲೆ ಶೇ. 1ರಂತೆ ಸಂಗ್ರಹಿಸುತ್ತ ಬಂದ ಸೆಸ್ ಕರ್ನಾಟಕದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರುತ್ತದೆ, ಮತ್ತು ಕಾರ್ಮಿಕರ ತರಬೇತಿ ಅಲ್ಲಿ ನಿಷಿದ್ಧ ವಿಷಯವೇನಲ್ಲ. ಮೇಳದ ಐದು ದಿನಗಳಲ್ಲಿ ಒಂದು ದಿನವನ್ನು ಮೇಸ್ತ್ರಿಗಳಿಗೂ ಕಂಬಿ ಕೆಲಸದವರಿಗೂ ಯಂತ್ರ ಚಾಲಕರಿಗೂ ಮೀಸಲಿಟ್ಟು, ಅಂದಿನ ಕೂಲಿ ಮತ್ತು ಬಸ್ಸಿನ ಖರ್ಚನ್ನು ಆ ನಿಧಿಯಿಂದ ಭರಿಸಿ, ಕನ್ನಡದಲ್ಲೂ ಹಿಂದಿಯಲ್ಲೂ ವಿವರಣೆ ಏರ್ಪಡಿಸಿ, ಹಲಗೆಯನ್ನು ನುಣುಪಾಗಿ ನಿಲ್ಲಿಸಿ ತೋರಿಸುವುದಕ್ಕೆ ಬದಲಾಗಿ ಗ್ರೌಟು ತುಂಬಿದ ಸಂದೊಂದನ್ನು ಅವರೆದುರಿಗೇ ಗರಗಸದಿಂದ ಸೀಳಿ, ಒಳಗೆ ಎಲ್ಲಿ ತುಂಬಿದೆ ಎಲ್ಲಿ ಪೊಳ್ಳಾಗಿದೆ ಎಂದು ತೋರಿಸಬಹುದು. ಅಂಥ ಪ್ರಾತ್ಯಕ್ಷಿಕೆಗೆ ಬೇಕಾಗುವುದು ಒಂದು ಹಲಗೆ, ಒಂದು ವಜ್ರದಲಗಿನ ಗರಗಸ ಮತ್ತು ತಮ್ಮ ಸರಕಿನ ಒಳಗನ್ನು ತೆರೆದು ತೋರಿಸಲು ಒಪ್ಪುವ ಒಂದು ಕಂಪನಿ. ಮೊದಲಿನೆರಡನ್ನು ಒದಗಿಸುವುದು ಸಂಘಟಕರಿಗೆ ಕಷ್ಟವಲ್ಲ.